‘ನಮಗೊಬ್ಬ ಹಿಟ್ಲರ್ ಬೇಕು’ ಅನ್ನೋರಿಗೆ ಕೋಲಾರದ ಒಂದು ಕಥೆ



ಟೊಮೆಟೊ ರೇಟು ಬಿದ್ದ ದಿನ ಕೋಲಾರದ ಎಪಿಎಂಸಿ ಮುಂದೆ ಟೀ ಅಂಗಡಿ ಹತ್ತಿರ ಸ್ವಲ್ಪ ಹೊತ್ತು ನಿಂತ್ಕೊಳ್ಳಿ. ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ. ‘ಈ ದೇಶಕ್ಕೆ ಒಬ್ಬ ಹಿಟ್ಲರ್ ಬರಬೇಕು ಸಾರ್, ಆಗ ಎಲ್ಲಾ ಲೈನಿಗೆ ಬರ್ತಾರೆ.’ ಕೋಲಾರ ಒಂದೇ ಅಲ್ಲ ಬಿಡಿ. ಪಹಣಿ ತಿದ್ದುಪಡಿಗೆ ತಾಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರು, ಕೆರೆ ಒತ್ತುವರಿ ನೋಡಿ ಹೊಟ್ಟೆ ಉರಿಸಿಕೊಂಡವರು, ಲಂಚ ಕೊಟ್ಟೂ ಕೆಲಸ ಆಗದೆ ವಾಪಸ್ ಬಂದವರು, ಎಲ್ಲರ ಬಾಯಲ್ಲೂ ಇದೇ ಮಾತು. ಆ ಸಿಟ್ಟನ್ನು ನಾನು ತಪ್ಪು ಅನ್ನೋದಿಲ್ಲ. ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿಗೆ ನೀವು ಕರೀತಿರೋ ಹೆಸರು ಯಾರದ್ದು ಅನ್ನೋದು ಗೊತ್ತಿದೆಯಾ?

ನಮ್ಮಲ್ಲಿ ಹಿಟ್ಲರ್ ಅಂದ್ರೆ ಸ್ಟ್ರಿಕ್ಟು ಅಂತ ಅರ್ಥ. ಬೆತ್ತ ಹಿಡಿದ ಹೆಡ್‌ಮೇಷ್ಟ್ರಿಗೆ ಹಿಟ್ಲರ್ ಅಂತ ಅಡ್ಡಹೆಸರು. ರಾತ್ರಿ ಹತ್ತು ಗಂಟೆಗೆ ಗೇಟು ಹಾಕೋ ಮಾವನಿಗೆ ಅದೇ ಹೆಸರು. ಕನ್ನಡದ ಮನರಂಜನಾ ಚಾನೆಲ್ಲೊಂದರಲ್ಲಿ ‘ಹಿಟ್ಲರ್ ಕಲ್ಯಾಣ’ ಅಂತ ಧಾರಾವಾಹಿಯೇ ಬಂತು, ಜನ ಮನೆಮಂದಿಯೆಲ್ಲಾ ಕೂತು ನೋಡಿದರು. ಆತನ ಪುಸ್ತಕ ಬೆಂಗಳೂರಿನ ಫುಟ್‌ಪಾತಿನಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಮಾರಾಟಕ್ಕಿರುತ್ತೆ. ಯಹೂದಿಗಳನ್ನು ಕೊಂದ ಅನ್ನೋದು ಶಾಲೆಯ ಪಾಠದಲ್ಲಿ ಒಂದು ಸಾಲು. ಪರೀಕ್ಷೆ ಮುಗಿದ ಮೇಲೆ ಸಾಲು ಮರೆತುಹೋಯ್ತು, ಹೆಸರು ಮಾತ್ರ ಉಳ್ಕೊಂಡಿತು.

ಇವತ್ತು ಆ ಒಂದು ಸಾಲನ್ನು ಬಿಡಿಸಿ ಹೇಳ್ತೀನಿ. ಜರ್ಮನಿಯಿಂದ ಅಲ್ಲ, ಕೋಲಾರದಿಂದಲೇ ಶುರು ಮಾಡ್ತೀನಿ. ಯಾಕಂದ್ರೆ ಹಿಟ್ಲರನ ಯಾತನಾ ಶಿಬಿರವೊಂದರಲ್ಲಿ ಕುತ್ತಿಗೆಗೆ ಗುಂಡು ತಿಂದು ಸತ್ತ ಒಬ್ಬ ಹೆಣ್ಣುಮಗಳ ವಂಶದ ಬೇರು ಈ ಜಿಲ್ಲೆಯಲ್ಲಿದೆ.

ಕೋಲಾರಮ್ಮನ ಗುಡಿ ನೋಡಿರ್ತೀರಿ, ಸೋಮೇಶ್ವರ ದೇವಸ್ಥಾನದ ಕಂಬಗಳನ್ನು ನೋಡಿರ್ತೀರಿ. ಅದೇ ಪಟ್ಟಣದಲ್ಲಿ ಒಂದು ಮಕ್ಬರಾ ಇದೆ. ಅಲ್ಲಿ ಮಲಗಿರೋರು ಫತೇ ಮಹಮ್ಮದ್. ಶಿರಾ ನವಾಬರ ಕೈಕೆಳಗೆ ಕೋಲಾರದ ಫೌಜುದಾರರಾಗಿದ್ದವರು. ಬಂಗಾರಪೇಟೆ ತಾಲೂಕಿನ ಬೂದಿಕೋಟೆ ಅವರ ಜಹಗೀರು. ಹೈದರ್ ಅಲಿ ಹುಟ್ಟಿದ್ದು ಆ ಬೂದಿಕೋಟೆಯಲ್ಲಿ. 1782ರ ಡಿಸೆಂಬರಿನಲ್ಲಿ ಹೈದರ್ ದಂಡಿನ ಬಿಡಾರದಲ್ಲಿ ತೀರಿಕೊಂಡಾಗ ಸೈನ್ಯಕ್ಕೆ ಸುದ್ದಿ ಗೊತ್ತಾಗಬಾರದು ಅಂತ ದೇಹವನ್ನು ಗುಟ್ಟಾಗಿ ಸಾಗಿಸಿದರು. ಮೊದಲು ತಂದಿಟ್ಟದ್ದು ಕೋಲಾರಕ್ಕೆ, ಅಪ್ಪನ ಗೋರಿಯ ಪಕ್ಕಕ್ಕೆ. ಶ್ರೀರಂಗಪಟ್ಟಣದ ಗುಂಬಜ್‌ಗೆ ಒಯ್ದದ್ದು ಆಮೇಲೆ.

ಹೈದರ್ ಆದ ಮೇಲೆ ಯಾರು? ಟಿಪ್ಪು. ಹೆಸರು ಹೇಳಿದ ತಕ್ಷಣ ಅರ್ಧ ಜನ ರಿಮೋಟ್ ಕೈಗೆ ತಗೊಂಡ್ರಿ, ಇನ್ನರ್ಧ ಜನ ಸೌಂಡು ಜಾಸ್ತಿ ಮಾಡಿದ್ರಿ ಅಂತ ನನಗೆ ಗೊತ್ತು. ದಯವಿಟ್ಟು ಕೂತ್ಕೊಳ್ಳಿ. ಇವತ್ತು ಟಿಪ್ಪು ಡಿಬೇಟ್ ಇಲ್ಲ. ಅದನ್ನು ಸಾಕಷ್ಟು ಮಾಡಿದ್ದೀವಿ, ಮುಂದೆಯೂ ಮಾಡ್ತೀವಿ.

1799 ಆದ ಮೇಲೆ ಟಿಪ್ಪುವಿನ ಮಕ್ಕಳನ್ನು ಬ್ರಿಟಿಷರು ವೆಲ್ಲೂರಿನ ಕೋಟೆಯಲ್ಲಿಟ್ಟರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ಕಲ್ಕತ್ತಕ್ಕೆ ಸಾಗಿಸಿದರು. ಆ ಮನೆತನದ ಮೊಮ್ಮಗಳು ಖಾಸಿಂ ಬೀ. ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರು ಆಸ್ಥಾನಕ್ಕೆ ಉತ್ತರದಿಂದ ಬಂದು, ನಮ್ಮ ಕರ್ನಾಟಕ ಸಂಗೀತವನ್ನು ಹಟ ಹಿಡಿದು ಕಲಿತ ಮೌಲಾಬಕ್ಷ್ ಅನ್ನೋ ಸಂಗೀತಗಾರನಿಗೆ ಈ ಖಾಸಿಂ ಬೀಯನ್ನು ಕೊಟ್ಟು ಮದುವೆಯಾಯ್ತು ಅನ್ನೋದು ಆ ಕುಟುಂಬ ಹೇಳಿಕೊಂಡು ಬಂದಿರೋ ವಂಶಾವಳಿ. ಟಿಪ್ಪುವಿನ ರಕ್ತ ಅಂತ ಗೊತ್ತಾದರೆ ಬ್ರಿಟಿಷರ ಕಣ್ಣು ಬೀಳುತ್ತೆ ಅಂತ ಬಹಳ ಕಾಲ ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಮೌಲಾಬಕ್ಷ್ ಆಮೇಲೆ ಬರೋಡಾಕ್ಕೆ ಹೋಗಿ ಸಂಗೀತ ಶಾಲೆ ತೆರೆದರು. ಅವರ ಮಗಳ ಮಗ ಇನಾಯತ್ ಖಾನ್, 1882ರಲ್ಲಿ ಹುಟ್ಟಿದವರು. ವೀಣೆ ಹಿಡಿದು ಅಮೆರಿಕ, ಯೂರೋಪು ಸುತ್ತಿ ಸೂಫಿ ಗುರು ಆದವರು. ಅವರ ಹೆಂಡತಿ ಅಮೆರಿಕದ ಓರಾ ರೇ ಬೇಕರ್. ಇವರಿಬ್ಬರ ಹಿರಿಯ ಮಗಳು ನೂರ್ ಇನಾಯತ್ ಖಾನ್. ಹುಟ್ಟಿದ್ದು 1914ರ ಜನವರಿ 1, ಮಾಸ್ಕೋದಲ್ಲಿ. ಟಿಪ್ಪುವಿನಿಂದ ಲೆಕ್ಕ ಹಾಕಿದರೆ ಆರನೇ ತಲೆಮಾರು. ಕೋಲಾರದ ಮಕ್ಬರಾದಿಂದ ಲೆಕ್ಕ ಹಾಕಿದರೆ ಎಂಟನೆಯದ್ದು.

ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೇನ್ ಅನ್ನೋ ಊರಲ್ಲಿ. ಮನೆ ಹೆಸರು ಫಜಲ್ ಮಂಜಿಲ್. 1927ರಲ್ಲಿ ಅಪ್ಪ ಭಾರತಕ್ಕೆ ಬಂದವರು ಇಲ್ಲೇ ತೀರಿಕೊಂಡರು. ಹುಡುಗಿಗೆ ಆಗ ಹದಿಮೂರು ವರ್ಷ. ತಾಯಿ ಕೋಣೆ ಬಾಗಿಲು ಹಾಕಿಕೊಂಡು ಕೂತುಬಿಟ್ಟರು. ತಮ್ಮಂದಿರು, ತಂಗಿ, ಅಡುಗೆಮನೆ ಎಲ್ಲಾ ಇವಳ ತಲೆ ಮೇಲೆ ಬಿತ್ತು. ಹಾರ್ಪ್ ನುಡಿಸುತ್ತಿದ್ದಳು, ವೀಣೆ ನುಡಿಸುತ್ತಿದ್ದಳು, ಮಕ್ಕಳಿಗೆ ಕಥೆ ಬರೆಯುತ್ತಿದ್ದಳು. ಬುದ್ಧನ ಜಾತಕ ಕಥೆಗಳಲ್ಲಿ ಇಪ್ಪತ್ತನ್ನು ಆರಿಸಿ ಇಂಗ್ಲಿಷಿನಲ್ಲಿ ಹೇಳಿದ ಆಕೆಯ ಪುಸ್ತಕ 1939ರಲ್ಲಿ ಲಂಡನ್ನಿನಲ್ಲಿ ಅಚ್ಚಾಯ್ತು. ಒಬ್ಬ ಯಹೂದಿ ಸಂಗೀತ ವಿದ್ಯಾರ್ಥಿಯ ಜೊತೆ ಕೆಲವು ವರ್ಷ ಮದುವೆಯ ಮಾತೂ ನಡೆದಿತ್ತು, ಮುರಿದುಬಿತ್ತು. ಮೆದು ಹುಡುಗಿ. ಇರುವೆ ತುಳಿಯೋಕೂ ಹಿಂಜರಿಯೋ ಮನೆ ಅದು.

ಈಗ ಇದೇ ವರ್ಷಗಳಲ್ಲಿ ಪಕ್ಕದ ಜರ್ಮನಿಯಲ್ಲಿ ಏನಾಗ್ತಿತ್ತು ನೋಡೋಣ.

1933ರ ಜನವರಿ 30ಕ್ಕೆ ಹಿಟ್ಲರ್ ಚಾನ್ಸಲರ್ ಆದ. ಎರಡು ತಿಂಗಳು ತುಂಬುವ ಮೊದಲೇ ಮ್ಯೂನಿಕ್ ಹತ್ತಿರ ಡಖಾವ್ ಅನ್ನೋ ಊರಲ್ಲಿ ಮೊದಲ ದೊಡ್ಡ ಶಿಬಿರ ತೆರೆಯಿತು. ಕದ್ದುಮುಚ್ಚಿ ಅಲ್ಲ ಸ್ವಾಮಿ. ಪೊಲೀಸ್ ಮುಖ್ಯಸ್ಥ ಹಿಮ್ಲರ್ ಪತ್ರಕರ್ತರನ್ನು ಕರೆದು ಹೇಳಿ ತೆರೆಸಿದ, ಮಾರನೇ ದಿನ ಪತ್ರಿಕೆಯಲ್ಲಿ ಅಚ್ಚಾಯ್ತು. ಕಮ್ಯುನಿಸ್ಟರನ್ನು, ದೇಶಕ್ಕೆ ಅಪಾಯ ಆದವರನ್ನು ಒಳಗೆ ಹಾಕ್ತೀವಿ ಅಂದ. ಜನ ಓದಿದರು. ಒಳ್ಳೇದಾಯ್ತು ಅಂದವರೂ ಇದ್ದರು.

ಜರ್ಮನಿಯ ಯಹೂದಿಗಳು ಎಷ್ಟಿದ್ದರು ಅಂತೀರಿ? ನೂರರಲ್ಲಿ ಒಬ್ಬರೂ ಅಲ್ಲ. ಸುಮಾರು ಐದು ಲಕ್ಷ ಜನ. ಮಾತಾಡುತ್ತಿದ್ದದ್ದು ಜರ್ಮನ್ ಭಾಷೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಸತ್ತ ಯಹೂದಿ ಸೈನಿಕರೇ ಸುಮಾರು 12,000. ನಮ್ಮ ಕೋಲಾರದಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಮಂಡಿಯಲ್ಲಿ ಉರ್ದು, ಕೆಜಿಎಫ್‌ಗೆ ಹೋದರೆ ತಮಿಳು ಅಂತ ಇದ್ದೀವಲ್ಲ, ಅಷ್ಟು ವ್ಯತ್ಯಾಸವೂ ಅವರ ನಡುವೆ ಇರಲಿಲ್ಲ. ಅದೇ ಡಾಕ್ಟರ್, ಅದೇ ಲಾಯರ್, ಅದೇ ಬಟ್ಟೆ ಅಂಗಡಿ. 1933ರ ಏಪ್ರಿಲ್ 1ರಂದು ಆ ಅಂಗಡಿಗಳ ಮುಂದೆ ಸಮವಸ್ತ್ರದ ಹುಡುಗರು ಬಂದು ನಿಂತರು. ಇಲ್ಲಿ ವ್ಯಾಪಾರ ಮಾಡಬೇಡಿ ಅಂದರು. ಒಂದೇ ದಿನದ ಬಹಿಷ್ಕಾರ ಅದು. ಆರು ದಿನ ಬಿಟ್ಟು ಕಾನೂನು ಬಂತು, ಯಹೂದಿಗಳು ಸರ್ಕಾರಿ ಕೆಲಸದಲ್ಲಿರುವಂತಿಲ್ಲ.

ಈ ಒಂದು ಕಾನೂನಿನ ಅಲೆ ಬೆಂಗಳೂರಿಗೂ ಬಂತು ಅಂದ್ರೆ ನಂಬ್ತೀರಾ? ಮ್ಯಾಕ್ಸ್ ಬಾರ್ನ್ ಅಂತ ಜಗತ್ತಿನ ದೊಡ್ಡ ಭೌತವಿಜ್ಞಾನಿ, ಪ್ರೊಫೆಸರ್ ಕೆಲಸ ಕಳೆದುಕೊಂಡರು. ನಮ್ಮ ಸರ್ ಸಿ.ವಿ. ರಾಮನ್ ಅವರನ್ನು ಟಾಟಾ ಇನ್‌ಸ್ಟಿಟ್ಯೂಟಿಗೆ ಕರೆಸಿಕೊಂಡರು. 1935ರ ಕೊನೆಯಲ್ಲಿ ಬಂದು ಆರು ತಿಂಗಳಷ್ಟು ಕಾಲ ಬೆಂಗಳೂರಿನಲ್ಲಿದ್ದರು. ಕಾಯಂ ಕೆಲಸ ಕೊಡಿಸಬೇಕು ಅಂತ ರಾಮನ್ ಓಡಾಡಿದರು. ಆದರೆ ಸಭೆಯೊಂದರಲ್ಲಿ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು, ಸ್ವಂತ ದೇಶದವರೇ ಓಡಿಸಿದ ಎರಡನೇ ದರ್ಜೆಯ ಪರದೇಶಿ ನಮಗೆ ಯಾಕೆ ಅನ್ನೋ ಅರ್ಥದ ಮಾತಾಡಿದ. ಬಾರ್ನ್ ಮನೆಗೆ ಹೋಗಿ ಅತ್ತರು ಅಂತ ಅವರೇ ಬರೆದುಕೊಂಡಿದ್ದಾರೆ. ಕೆಲಸ ಆಗಲಿಲ್ಲ, ಎಡಿನ್‌ಬರೋಗೆ ಹೋದರು. ಆ ‘ಎರಡನೇ ದರ್ಜೆ’ಗೆ 1954ರಲ್ಲಿ ನೊಬೆಲ್ ಬಂತು. ಅವರ ಸಂಬಂಧದಲ್ಲಿ ಸೋದರಳಿಯ ಆಟೋ ಕೋನಿಗ್ಸ್‌ಬರ್ಗರ್, ಬರ್ಲಿನ್ನಿನ ವಾಸ್ತುಶಿಲ್ಪಿ. ಅವರಿಗೂ ಅದೇ ಗತಿ. ಈಜಿಪ್ಟಿನಲ್ಲಿ ಕೆಲವು ವರ್ಷ ಇದ್ದು 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲ. ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯೇ ಆದರು. ಟಾಟಾ ಇನ್‌ಸ್ಟಿಟ್ಯೂಟಿನ ಏರೋನಾಟಿಕ್ಸ್ ಕಟ್ಟಡ ಅವರದ್ದು, ಭದ್ರಾವತಿಗೆ ನಗರ ಯೋಜನೆ ಹಾಕಿದವರೂ ಅವರೇ. ಜರ್ಮನಿ ಕಸ ಅಂತ ಗುಡಿಸಿ ಹಾಕಿದ್ದು ನಮಗೆ ಆಸ್ತಿಯಾಯ್ತು.

ಇವರು ಹೊರಗೆ ಬಂದವರು. ಒಳಗೆ ಉಳಿದವರ ಕಥೆ ಬೇರೆ. 1935ರಲ್ಲಿ ನ್ಯೂರೆಂಬರ್ಗ್ ಕಾನೂನು ಬಂತು, ಪೌರತ್ವ ಹೋಯ್ತು, ಯಹೂದಿ ಅಲ್ಲದವರನ್ನು ಮದುವೆಯಾಗೋದು ಅಪರಾಧ ಆಯ್ತು. ಹೆಸರು ನೋಡಿದರೆ ಜಾತಿ ಗೊತ್ತಾಗ್ತಿಲ್ಲ ಅಂತ 1939ರ ಜನವರಿಯಿಂದ ಹೆಣ್ಣಾದರೆ ‘ಸಾರಾ’, ಗಂಡಾದರೆ ‘ಇಸ್ರೇಲ್’ ಅಂತ ಕಡ್ಡಾಯವಾಗಿ ಸೇರಿಸಿಕೊಳ್ಳಬೇಕು ಅಂದರು. 1938ರ ನವೆಂಬರ್ 9ರ ರಾತ್ರಿ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು, ಅಂಗಡಿಗಳ ಗಾಜು ಒಡೆಯಿತು. ಸುಮಾರು 30,000 ಗಂಡಸರನ್ನು ಹಿಡಿದು ಶಿಬಿರಗಳಿಗೆ ಹಾಕಿದರು, ಡಖಾವ್ ಒಂದಕ್ಕೇ ಹತ್ತು ಸಾವಿರಕ್ಕೂ ಮೇಲೆ. ಆಮೇಲೆ ಏನು ಮಾಡಿದರು ಗೊತ್ತಾ? ಒಡೆದ ಗಾಜಿಗೆ, ಸುಟ್ಟ ಕಟ್ಟಡಕ್ಕೆ ಯಹೂದಿಗಳೇ ನೂರು ಕೋಟಿ ಮಾರ್ಕ್ ದಂಡ ಕಟ್ಟಬೇಕು ಅಂದರು. ಇದು ಆ ‘ಶಿಸ್ತಿನ’ ಸರ್ಕಾರ.

ಯುದ್ಧ ಶುರುವಾದ ಮೇಲೆ ಕೊಲೆಯೇ ಕೆಲಸ ಆಯ್ತು. 1941ರ ಸೆಪ್ಟೆಂಬರ್ 29 ಮತ್ತು 30, ಎರಡೇ ದಿನದಲ್ಲಿ ಕೀವ್ ನಗರದ ಹೊರಗೆ ಬಾಬಿ ಯಾರ್ ಅನ್ನೋ ಕಮರಿಯಲ್ಲಿ 33,771 ಯಹೂದಿಗಳನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟರು. ಈ ಲೆಕ್ಕ ಕೊಂದವರೇ ಬರೆದು ಮೇಲಕ್ಕೆ ಕಳಿಸಿದ ವರದಿಯದ್ದು. ಗಮನಿಸಿ, ಕೊನೆಯ ಒಂದರವರೆಗೂ ಎಣಿಸಿದ್ದಾರೆ. 1942ರ ಜನವರಿ 20ಕ್ಕೆ ಬರ್ಲಿನ್ ಹತ್ತಿರ ವಾನ್ಸೀ ಸರೋವರದ ದಡದ ಬಂಗಲೆಯಲ್ಲಿ ಹದಿನೈದು ಜನ ಅಧಿಕಾರಿಗಳ ಸಭೆ ನಡೆಯಿತು. ಅವರಲ್ಲಿ ಅರ್ಧದಷ್ಟು ಜನ ಡಾಕ್ಟರೇಟ್ ಪಡೆದವರು. ಯೂರೋಪಿನ ಅಷ್ಟೂ ಯಹೂದಿಗಳನ್ನು ಮುಗಿಸೋಕೆ ಯಾವ ಇಲಾಖೆ ಯಾವ ಕೆಲಸ ಮಾಡಬೇಕು ಅನ್ನೋದು ಚರ್ಚೆ. ಒಂದೂವರೆ ಗಂಟೆಯಲ್ಲಿ ಸಭೆ ಮುಗೀತು.

ಶಿಬಿರಗಳಿಗೆ ಸಾಗಿಸಿದ್ದು ರೈಲಿನಲ್ಲಿ. ದನ ತುಂಬೋ ಡಬ್ಬಿಗಳು. ಅದಕ್ಕೂ ಜರ್ಮನ್ ರೈಲ್ವೆ ಟಿಕೆಟ್ ಲೆಕ್ಕ ಹಾಕಿ ಬಿಲ್ಲು ಕಳಿಸಿತು. ಥರ್ಡ್ ಕ್ಲಾಸ್ ದರ, ಹೋಗೋದಕ್ಕೆ ಮಾತ್ರ. ಹತ್ತು ವರ್ಷದೊಳಗಿನ ಮಕ್ಕಳಿಗೆ ಹಾಫ್ ಟಿಕೆಟ್. ನಾಲ್ಕು ವರ್ಷದೊಳಗಿನವರಿಗೆ ಫ್ರೀ. ನಾವು ಮುಳಬಾಗಿಲಿನಿಂದ ಬೆಂಗಳೂರಿಗೆ ಬರುವಾಗ ಕಂಡಕ್ಟರ್ ಹತ್ತಿರ ‘ಇವನಿಗೆ ಇನ್ನೂ ಹಾಫೇ’ ಅಂತ ವಾದ ಮಾಡ್ತೀವಲ್ಲ, ಅದೇ ಹಾಫ್ ಟಿಕೆಟ್. ಮಗುವನ್ನು ಕೊಲ್ಲೋಕೆ ಕರ್ಕೊಂಡು ಹೋಗೋದಕ್ಕೆ ರಿಯಾಯಿತಿ ದರ. ಈ ಇಡೀ ಕಥೆಯಲ್ಲಿ ನನಗೆ ಮರೆಯೋಕೆ ಆಗದ ವಿಷಯ ಇದು. ಬಂದೂಕು ಹಿಡಿದವನನ್ನು ಅರ್ಥ ಮಾಡ್ಕೋಬಹುದು, ಅವನು ರಾಕ್ಷಸ ಅಂತ ಬಿಟ್ಟುಬಿಡಬಹುದು. ಆ ಬಿಲ್ಲು ಬರೆದ ಗುಮಾಸ್ತ ಸಂಜೆ ಮನೆಗೆ ಹೋಗಿ ತನ್ನ ಮಗುವಿನ ಜೊತೆ ಊಟಕ್ಕೆ ಕೂತಿರ್ತಾನಲ್ಲ?

ಆಶ್ವಿಟ್ಜ್‌ನಲ್ಲಿ ಬಳಸಿದ ವಿಷದ ಹೆಸರು ಝೈಕ್ಲಾನ್ ಬಿ. ಹೇನು, ಕ್ರಿಮಿ ಸಾಯಿಸೋ ಔಷಧಿ. ಒಳಗಿರೋದು ಸಯನೈಡ್. ಕೋಲಾರದವರಿಗೆ ಸಯನೈಡ್ ಅಂದ್ರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಕೆಜಿಎಫ್‌ನ ಆ ಬೂದುಬಣ್ಣದ ಸಯನೈಡ್ ದಿಬ್ಬಗಳನ್ನು ನೋಡ್ಕೊಂಡೇ ಮೂರ್ನಾಲ್ಕು ತಲೆಮಾರು ಬೆಳೆದಿದೆ. ಇಲ್ಲಿ ಕಲ್ಲಿನಿಂದ ಚಿನ್ನ ಬಿಡಿಸೋಕೆ ಆ ಜಾತಿಯ ವಿಷ ಬೇಕಾಯ್ತು. ಅಲ್ಲಿ ಮನುಷ್ಯರನ್ನು ಕೊಲ್ಲೋಕೆ ಬೇಕಾಯ್ತು. ಚಿನ್ನ ಅಲ್ಲೂ ಸಿಕ್ತು ಅನ್ನಿ. ಸತ್ತವರ ಬಾಯಿ ತೆರೆಸಿ ಚಿನ್ನ ಕಟ್ಟಿಸಿದ ಹಲ್ಲು ಕೀಳುತ್ತಿದ್ದರು. ಕರಗಿಸುತ್ತಿದ್ದರು. ಅದು ಮದುವೆ ಉಂಗುರಗಳ ಜೊತೆ ಜರ್ಮನಿಯ ರಿಸರ್ವ್ ಬ್ಯಾಂಕಿಗೆ ಜಮಾ ಆಗುತ್ತಿತ್ತು.

ಒಟ್ಟು ಸುಮಾರು 60 ಲಕ್ಷ ಯಹೂದಿಗಳು. ಸಂಖ್ಯೆ ದೊಡ್ಡದಾದಷ್ಟೂ ನಮಗೆ ಏನೂ ಅನ್ನಿಸೋದಿಲ್ಲ, ಅದು ಮನುಷ್ಯನ ಗುಣ. ಹೀಗೆ ಲೆಕ್ಕ ಹಾಕಿ. 2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆಯ ಜನಸಂಖ್ಯೆ 15 ಲಕ್ಷದ 36 ಸಾವಿರ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಕೆಜಿಎಫ್ ಎಲ್ಲಾ ಸೇರಿ. ಹಿಟ್ಲರನ ಜನ ಕೊಂದ ಯಹೂದಿಗಳಲ್ಲಿ ಮಕ್ಕಳೇ ಸುಮಾರು 15 ಲಕ್ಷ. ಅಂದ್ರೆ ಈ ಜಿಲ್ಲೆಯ ಪ್ರತಿ ಮನೆ, ಪ್ರತಿ ಅಂಗಡಿ, ಪ್ರತಿ ಬಸ್ಸು, ಎಲ್ಲಾ ಕಡೆ ಬರೀ ಮಕ್ಕಳೇ ಇದ್ದಾರೆ ಅಂದ್ಕೊಳ್ಳಿ. ಅಷ್ಟು ಮಕ್ಕಳು. ಇವರ ಜೊತೆ ರೋಮಾ ಜಿಪ್ಸಿಗಳು, ಅಂಗವಿಕಲರು, ಸೋವಿಯತ್ ಸೆರೆಯಾಳುಗಳು, ಪೋಲೆಂಡಿನವರು. ಅದು ಬೇರೆ ಲೆಕ್ಕ.

ಮಧ್ಯದಲ್ಲಿ ಒಂದು ಮಾತು. ಆಯುಧಪೂಜೆಗೆ ನಮ್ಮ ಹೊಸಿಲ ಮೇಲೆ, ಲಾರಿ ಮೂತಿ ಮೇಲೆ ಬರೆಯೋ ಸ್ವಸ್ತಿಕಕ್ಕೂ ಇವರಿಗೂ ಸಂಬಂಧ ಇಲ್ಲ. ಅವರದ್ದನ್ನು ಅವರು ತಮ್ಮ ಭಾಷೆಯಲ್ಲಿ ಕೊಕ್ಕೆ ಶಿಲುಬೆ ಅಂತಲೇ ಕರೀತಿದ್ದರು. ಹೊರದೇಶದಲ್ಲಿರೋ ನಮ್ಮ ಮಕ್ಕಳು ಗೃಹಪ್ರವೇಶಕ್ಕೆ ಬಾಗಿಲ ಮೇಲೆ ಬರೆದರೆ ಪಕ್ಕದ ಮನೆಯವರು ಯಾಕೆ ಬೆಚ್ಚಿಬೀಳ್ತಾರೆ ಅನ್ನೋದು ಮಾತ್ರ ತಿಳ್ಕೊಂಡಿರಿ.

ನೂರ್ ಕಥೆಗೆ ಬರ್ತೀನಿ. 1940ರ ಜೂನಿನಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್‌ಗೆ ನುಗ್ಗಿತು. ಕುಟುಂಬ ಇಂಗ್ಲೆಂಡಿಗೆ ಓಡಿಬಂತು. ಅಹಿಂಸೆಯ ಪಾಠ ಕೇಳಿಕೊಂಡು ಬೆಳೆದ ಅಕ್ಕ ತಮ್ಮ ಕೂತು ಮಾತಾಡಿದರು. ನಾವು ಯಾರನ್ನೂ ಕೊಲ್ಲೋದು ಬೇಡ, ಆದರೆ ಇದನ್ನು ನೋಡ್ಕೊಂಡು ಸುಮ್ಮನಿರೋದೂ ಆಗಲ್ಲ, ಅಪಾಯದ ಕೆಲಸ ಯಾವುದಿದೆಯೋ ಅದನ್ನು ಮಾಡೋಣ ಅಂತ ತೀರ್ಮಾನಿಸಿದರು. ನೂರ್ ನವೆಂಬರಿನಲ್ಲಿ ವಾಯುಪಡೆಯ ಮಹಿಳಾ ದಳ ಸೇರಿ ವೈರ್‌ಲೆಸ್ ಕಲಿತಳು. ಸಂದರ್ಶನದಲ್ಲಿ ಭಾರತದ ಬಗ್ಗೆ ಕೇಳಿದಾಗ, ಯುದ್ಧ ಮುಗಿದ ಮೇಲೆ ನನ್ನ ದೇಶದ ಸ್ವಾತಂತ್ರ್ಯದ ಪರ ನಿಲ್ತೀನಿ ಅಂತ ಬ್ರಿಟಿಷ್ ಅಧಿಕಾರಿಗಳ ಮುಖಕ್ಕೇ ಹೇಳಿದಳು ಅಂತ ಅವಳ ಜೀವನಚರಿತ್ರೆ ಬರೆದವರು ಹೇಳ್ತಾರೆ. ಟಿಪ್ಪು ಮನೆಯವಳು ತಾನೇ.

ಇವಳಿಲ್ಲದ ಪ್ಯಾರಿಸ್‌ನಲ್ಲಿ 1942ರ ಜುಲೈ 16, 17ಕ್ಕೆ 13,000ಕ್ಕೂ ಹೆಚ್ಚು ಯಹೂದಿಗಳನ್ನು ಮನೆಗಳಿಂದ ಎಳೆದು ತಂದರು. ಸಾವಿರಾರು ಜನರನ್ನು, ಮಕ್ಕಳ ಸಮೇತ, ಸೈಕಲ್ ರೇಸ್ ನಡೆಯೋ ಒಳಾಂಗಣ ಕ್ರೀಡಾಂಗಣದಲ್ಲಿ ತುಂಬಿದರು. 4,000ಕ್ಕೂ ಮೇಲೆ ಮಕ್ಕಳು. ಬಾಗಿಲು ತಟ್ಟಿದವರು ಜರ್ಮನ್ನರಲ್ಲ, ಫ್ರಾನ್ಸಿನದೇ ಪೊಲೀಸರು. ಪಟ್ಟಿ ಅವರ ಕೈಯಲ್ಲಿತ್ತು. ಅಲ್ಲಿಂದ ಆಶ್ವಿಟ್ಜ್.

ಒಂದು ವರ್ಷದ ನಂತರ ಆ ಪ್ಯಾರಿಸ್‌ಗೇ ನೂರ್ ವಾಪಸ್ ಹೋದಳು. 1943ರ ಜೂನ್ 16ರ ರಾತ್ರಿ ಸಣ್ಣ ವಿಮಾನವೊಂದು ಹೊಲದಲ್ಲಿ ಇಳಿಸಿ ಬಂತು. ಗುಪ್ತನಾಮ ಮೆಡಲೀನ್. ಬ್ರಿಟನ್ ಆಕ್ರಮಿತ ಫ್ರಾನ್ಸಿಗೆ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಇವಳೇ. ಅವಳು ಇಳಿದ ಹತ್ತು ದಿನದೊಳಗೇ ಅಲ್ಲಿನ ಗುಪ್ತ ಜಾಲ ಪೂರ್ತಿ ಗೆಸ್ಟಪೋ ಕೈಗೆ ಸಿಕ್ಕಿಬಿತ್ತು. ವಾಪಸ್ ಬಾ ಅಂತ ಲಂಡನ್ ಹೇಳಿತು. ಬರೋದಿಲ್ಲ ಅಂದಳು. ಇಲ್ಲಿ ವೈರ್‌ಲೆಸ್ ಇರೋದು ನನ್ನೊಬ್ಬಳ ಹತ್ತಿರ, ನಾನು ಬಂದರೆ ಇವರಿಗೆ ಹೊರಗಿನ ಸಂಪರ್ಕವೇ ಇರೋದಿಲ್ಲ ಅಂತ.

ಕೆಲಸ ಹೇಗಿರುತ್ತೆ ಅಂದ್ರೆ, ಹದಿನೈದು ಕಿಲೋ ತೂಕದ ಸೂಟ್‌ಕೇಸು. ಅದರೊಳಗೆ ಯಂತ್ರ. ಉದ್ದದ ಏರಿಯಲ್ ತಂತಿಯನ್ನು ಮರಕ್ಕೋ ಕಿಟಕಿಗೋ ಕಟ್ಟಬೇಕು. ಸಂದೇಶ ಕಳಿಸೋಕೆ ಶುರು ಮಾಡಿದ ಕೆಲವೇ ನಿಮಿಷಕ್ಕೆ ಜರ್ಮನ್ನರ ಪತ್ತೆ ವ್ಯಾನು ಹೊರಡುತ್ತೆ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಒಂದು ಕಡೆ ಇದ್ದರೆ ಮುಗೀತು. ಇಂಥ ಆಪರೇಟರ್‌ಗಳ ಆಯಸ್ಸು ಸರಾಸರಿ ಆರು ವಾರ ಅಂತ ಕಳಿಸುವಾಗಲೇ ಲೆಕ್ಕ. ನೂರ್ ಹೆಚ್ಚುಕಡಿಮೆ ನಾಲ್ಕು ತಿಂಗಳು ಓಡಾಡಿದಳು. ಕೂದಲಿನ ಬಣ್ಣ ಬದಲಾಯಿಸುತ್ತಾ, ಮನೆ ಬದಲಾಯಿಸುತ್ತಾ. ಅಕ್ಟೋಬರಿನಲ್ಲಿ ಸಿಕ್ಕಿಬಿದ್ದಳು. ಅವಳ ವಿಳಾಸವನ್ನು ಒಂದು ಲಕ್ಷ ಫ್ರಾಂಕಿಗೆ ಪರಿಚಯದವರೇ ಮಾರಿದರು ಅನ್ನೋ ಆರೋಪ ಯುದ್ಧ ಮುಗಿದ ಮೇಲೆ ಕೋರ್ಟಿನವರೆಗೂ ಹೋಯ್ತು. ಸಾಬೀತಾಗಲಿಲ್ಲ.

ಇಲ್ಲಿ ಒಂದು ವಿಷಯ ಮುಚ್ಚಿಟ್ಟು ದೇವಿ ಮಾಡೋದು ಸರಿಯಲ್ಲ. ಕಳಿಸಿದ ಸಂದೇಶಗಳನ್ನೆಲ್ಲಾ ನೂರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು. ಅದು ಜರ್ಮನ್ನರಿಗೆ ಸಿಕ್ತು. ವಿಚಾರಣೆಯಲ್ಲಿ ಅವಳು ಬಾಯಿ ಬಿಡಲಿಲ್ಲ, ಆದರೆ ಅವಳ ಯಂತ್ರದಲ್ಲಿ ಅವಳ ಹೆಸರಿನಲ್ಲಿ ಜರ್ಮನ್ನರೇ ಲಂಡನ್ ಜೊತೆ ಮಾತಾಡಿದರು. ಲಂಡನ್ ನಂಬಿತು. 1944ರ ಫೆಬ್ರವರಿಯಲ್ಲಿ ಮೆಡಲೀನ್ ಡ್ಯಾಮರ್‌ಮೋ ಅನ್ನೋ ಇನ್ನೊಬ್ಬ ಹೆಣ್ಣುಮಗಳು ಪ್ಯಾರಾಚೂಟಿನಲ್ಲಿ ಇಳಿದದ್ದು ನೇರವಾಗಿ ಕಾಯುತ್ತಿದ್ದ ಗೆಸ್ಟಪೋ ಮಧ್ಯಕ್ಕೆ. ಲಂಡನ್ನಿನ ಕಚೇರಿಯ ಬೇಜವಾಬ್ದಾರಿ ನನ್ನ ಪ್ರಕಾರ ನೂರ್ ನೋಟ್‌ಬುಕ್ಕಿಗಿಂತ ದೊಡ್ಡದು. ಅನುಮಾನ ಬರೋಕೆ ಅವರಿಗೆ ಸೂಚನೆಗಳು ಬೇಕಾದಷ್ಟಿದ್ದವು.

ನವೆಂಬರಿನಲ್ಲಿ ಇಬ್ಬರು ಕೈದಿಗಳ ಜೊತೆ ಚಾವಣಿ ಹತ್ತಿ ತಪ್ಪಿಸಿಕೊಳ್ಳೋಕೆ ನೋಡಿದಳು, ಸಿಕ್ಕಿಬಿದ್ದಳು. ಮತ್ತೆ ಓಡಿಹೋಗಲ್ಲ ಅಂತ ಬರೆದುಕೊಡು ಅಂದರು. ಬರೆದುಕೊಡಲಿಲ್ಲ. ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿಗೆ ಹಾಕಿದರು. ಹತ್ತು ತಿಂಗಳು ಒಂಟಿ ಕೋಣೆ. ಕೈಗೂ ಕಾಲಿಗೂ ಸರಪಳಿ. ಪಕ್ಕದ ಕೋಣೆಗಳಲ್ಲಿದ್ದ ಫ್ರೆಂಚ್ ಹೆಂಗಸರ ಜೊತೆ ಮಾತಾಡೋಕೆ ಇದ್ದ ದಾರಿ ಒಂದೇ, ಊಟದ ಬಟ್ಟಲಿನ ತಳದಲ್ಲಿ ಅಕ್ಷರ ಗೀಚಿ ಕಳಿಸೋದು. ಹಾಗೆ ಗೀಚಿದ ಹೆಸರು ನೋರಾ ಬೇಕರ್. ತಾಯಿಯ ಮನೆತನದ ಹೆಸರು.

1944ರ ಸೆಪ್ಟೆಂಬರ್ 12ಕ್ಕೆ ಡಖಾವ್‌ಗೆ ತಂದರು. ಜೊತೆಗೆ ಇನ್ನು ಮೂವರು, ಯೊಲಾಂಡ್ ಬೀಕ್‌ಮನ್, ಎಲಿಯಾನ್ ಪ್ಲ್ಯೂಮನ್, ಮತ್ತೆ ಅದೇ ಮೆಡಲೀನ್ ಡ್ಯಾಮರ್‌ಮೋ. 13ರ ಬೆಳಗಿನ ಜಾವ ನಾಲ್ವರನ್ನೂ ಮಂಡಿಯೂರಿಸಿ ಕುತ್ತಿಗೆಯ ಹಿಂದೆ ಗುಂಡು ಹೊಡೆದರು. ದೇಹಗಳನ್ನು ಶಿಬಿರದ ಒಲೆಯಲ್ಲಿ ಸುಟ್ಟರು. ನೂರ್‌ಗೆ ಮೂವತ್ತು ವರ್ಷ. ಬೂದಿಕೋಟೆಯ ವಂಶದವಳ ಬೂದಿ ಡಖಾವ್ ಮಣ್ಣಿನಲ್ಲಿದೆ. ಗೋರಿ ಇಲ್ಲ.

ಒಂದು ಸ್ಪಷ್ಟನೆ ಕೊಡ್ತೀನಿ. ನೂರ್ ಯಹೂದಿ ಅಲ್ಲ. ಅವಳನ್ನು ಕೊಂದದ್ದು ಗೂಢಚಾರಿಣಿ ಅಂತ. ಅಪಾಯ ಗೊತ್ತಿದ್ದೇ ಹೋದವಳು, ವಾಪಸ್ ಬರೋ ಅವಕಾಶ ಸಿಕ್ಕಾಗಲೂ ಬೇಡ ಅಂದವಳು. ಆ 15 ಲಕ್ಷ ಮಕ್ಕಳಿಗೆ ಬೇಕು, ಬೇಡ ಅನ್ನೋ ಅವಕಾಶ ಇರಲಿಲ್ಲ. ಅವರು ಏನೂ ಮಾಡಿರಲಿಲ್ಲ. ಹುಟ್ಟಿದ್ದೇ ಅಪರಾಧ. ನೂರ್ ಕಥೆ ಹೇಳಿ ಅವರನ್ನು ಮರೆಸಬಾರದು. ನಮ್ಮ ಮಣ್ಣಿನ ಒಬ್ಬಳ ಹೆಸರು ಹಿಡಿದುಕೊಂಡಾದರೂ ನಮಗೆ ಆ ಗೇಟಿನೊಳಗೆ ನೋಡೋಕೆ ಸಾಧ್ಯ ಆಗಲಿ ಅಂತ ಇಷ್ಟು ಹೇಳಿದೆ.

ಡಖಾವ್ ಬಿಡುಗಡೆ ಆಗಿದ್ದು 1945ರ ಏಪ್ರಿಲ್ 29ಕ್ಕೆ. ಮಾರನೇ ದಿನ ಬರ್ಲಿನ್ನಿನ ನೆಲಮಾಳಿಗೆಯಲ್ಲಿ ಹಿಟ್ಲರ್ ಗುಂಡು ಹೊಡ್ಕೊಂಡ. ಹನ್ನೆರಡು ವರ್ಷದ ‘ಬಿಗಿ ಆಡಳಿತ’ದ ಕೊನೆಗೆ ಜರ್ಮನಿಯ ದೊಡ್ಡ ನಗರಗಳು ಇಟ್ಟಿಗೆ ರಾಶಿ ಆಗಿದ್ದವು, ದೇಶ ನಾಲ್ಕು ಪಾಲಾಯ್ತು. ಲೈನಿಗೆ ಬಂದದ್ದು ಇಷ್ಟೇ.

ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಇಬ್ಬರು ನಮ್ಮ ಕಸುಬಿನವರಿದ್ದರು. ಈ ಕುರ್ಚಿಯಲ್ಲಿ ಕೂರೋರೆಲ್ಲಾ ಓದಬೇಕಾದ ಹೆಸರುಗಳು. ಒಬ್ಬ ಯೂಲಿಯಸ್ ಸ್ಟ್ರೈಖರ್, ಪತ್ರಿಕೆ ಸಂಪಾದಕ. ಯುದ್ಧದ ಕೊನೆಯ ವರ್ಷಗಳಲ್ಲಿ ಅವನ ಕೈಯಲ್ಲಿ ಅಧಿಕಾರವೂ ಇರಲಿಲ್ಲ. ಅವನು ಮಾಡಿದ್ದು ಇಪ್ಪತ್ತು ವರ್ಷ ವಾರವಾರವೂ ಯಹೂದಿಗಳನ್ನು ಕ್ರಿಮಿ, ರೋಗ ಅಂತ ಬರೆದದ್ದು, ಕೆಟ್ಟ ಚಿತ್ರ ಹಾಕಿದ್ದು. ಕ್ರಿಮಿಗೆ ಕ್ರಿಮಿನಾಶಕ ಹೊಡೆದದ್ದು ಬೇರೆಯವರು. ನ್ಯಾಯಾಲಯ ಅವನನ್ನು ಗಲ್ಲಿಗೆ ಕಳಿಸಿತು, 1946ರ ಅಕ್ಟೋಬರ್ 16. ಇನ್ನೊಬ್ಬ ಹಾನ್ಸ್ ಫ್ರಿಟ್ಶೆ, ರೇಡಿಯೋ ವ್ಯಾಖ್ಯಾನಕಾರ. ಇಡೀ ಜರ್ಮನಿಗೆ ಪರಿಚಯದ ದನಿ. 76 ಮಾರ್ಕಿಗೆ ಸಿಗೋ ಅಗ್ಗದ ರೇಡಿಯೋವನ್ನು ಸರ್ಕಾರವೇ ಮಾಡಿಸಿ ಮನೆಮನೆಗೆ ತಲುಪಿಸಿತ್ತಲ್ಲ, ಅದರೊಳಗಿಂದ ಬರೋ ದನಿ. ಅವನನ್ನು ಬಿಟ್ಟರು. ಹೇಳಿದ್ದರಲ್ಲಿ ಸುಳ್ಳಿತ್ತು, ಆದರೆ ಸುಳ್ಳು ಅಂತ ಗೊತ್ತಿದ್ದೇ ಹೇಳಿದ ಅನ್ನೋದು ಸಾಬೀತಾಗಿಲ್ಲ ಅಂತ. ಸೋವಿಯತ್ ನ್ಯಾಯಾಧೀಶರು ಒಪ್ಪಲಿಲ್ಲ, ಭಿನ್ನ ತೀರ್ಪು ಬರೆದರು. ಆಮೇಲೆ ಜರ್ಮನಿಯದ್ದೇ ನ್ಯಾಯಮಂಡಳಿ ಅವನನ್ನು ಒಳಗೆ ಹಾಕಿತು, 1950ರಲ್ಲಿ ಹೊರಗೆ ಬಂದ. ಸುಳ್ಳು ಅಂತ ಗೊತ್ತಿರಲಿಲ್ಲ ಅನ್ನೋ ಆ ವಾದ ಇದೆಯಲ್ಲ, ಅದು ನಮ್ಮ ಕಸುಬಿನಲ್ಲಿ ಇವತ್ತಿಗೂ ಚಲಾವಣೆಯಲ್ಲಿದೆ.

ನೂರ್ ಏನಾದಳು ಅಂತ ಪತ್ತೆ ಮಾಡಿದ್ದು ಅವಳನ್ನು ಕಳಿಸಿದ ಕಚೇರಿಯ ವೆರಾ ಆಟ್ಕಿನ್ಸ್. ರೊಮೇನಿಯಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು. ಯುದ್ಧ ಮುಗಿದ ಮೇಲೆ ಜರ್ಮನಿಗೆ ಹೋಗಿ, ವಾಪಸ್ ಬಾರದ ತನ್ನ ಏಜೆಂಟರ ಬಗ್ಗೆ ಜೈಲರುಗಳನ್ನು, ಶಿಬಿರದ ಕಾವಲುಗಾರರನ್ನು ಕೂರಿಸಿಕೊಂಡು ಒಬ್ಬೊಬ್ಬರನ್ನೇ ಕೇಳುತ್ತಾ ಹೋದರು. ನೂರ್ ಬೇರೆ ಶಿಬಿರವೊಂದರಲ್ಲಿ ಸತ್ತಳು ಅಂತ ಮೊದಲು ಬರೆದುಕೊಂಡಿದ್ದರು. ಡಖಾವ್ ಅಂತ ಖಚಿತ ಆದದ್ದು 1947ರಲ್ಲಿ. ಬ್ರಿಟನ್ನಿನ ಜಾರ್ಜ್ ಕ್ರಾಸ್ ಪದಕ ಘೋಷಣೆಯಾದದ್ದು 1949ರ ಏಪ್ರಿಲ್ 5ಕ್ಕೆ. ತಾಯಿ ಓರಾ ರೇ ಬೇಕರ್ ತೀರಿಕೊಂಡದ್ದು ಅದೇ ವರ್ಷ ಮೇ 1ಕ್ಕೆ.